ನೇರಳೆ ಪೆಂಗ್ವಿನ್

ಬಲಗಣ್ಣಿನ ಪೊರೆ ತೆಗೆಸಿಕೊಂಡ ಎಂಟನೆಯ ದಿನ ಬೆಳಿಗ್ಗೆ ಹೆಡ್ಲಿ ಪೈಬಸ್‌ನಿಗೆ ತನ್ನ ಹೆಂಡತಿಯ ತಲೆ ಪೂರ್ತಿ ಬೆಳ್ಳಗಾಗಿರುವುದು ಕಂಡಿತು. ಅವಳು ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು ಬ್ರೆಡ್ಡು ಸುಡುತ್ತಿದ್ದಳು. ಒಂದು ವಾರ ನೀರು ಸುರಿಸಿ, ಮಂಜುಮಂಜಾಗಿ, ಇದ್ದೂ ಇಲ್ಲದಂತಿದ್ದ ಕಣ್ಣು ಇವತ್ತು ಯಾರೋ ಕಿಟಕಿ ಒರೆಸಿಕೊಟ್ಟಂತೆ ತಿಳಿಯಾಗಿತ್ತು. ಇಷ್ಟು ದಿನ ಅವನು ಆ ಕೂದಲನ್ನು ಜೇನಿನ ಬಣ್ಣದ್ದೆಂದೇ ತಿಳಿದಿದ್ದ. ಕಳೆದ ಕ್ರಿಸ್‌ಮಸ್ ಊಟದಲ್ಲಿ ನಾಲ್ಕು ಜನರ ಮುಂದೆ, ಅರವತ್ತೈದಾದರೂ ನನ್ನ ಡಲ್ಸಿಯ ತಲೆ ನೋಡಿ, ಒಂದು ಬಿಳಿ ಎಳೆ ತೋರಿಸಿ ಎಂದು ಪಂಥ ಕಟ್ಟಿದ್ದ. ಆ ನಾಲ್ಕೂ ಜನ ನಕ್ಕು ತಟ್ಟೆ ನೋಡಿಕೊಂಡಿದ್ದರು, ಡಲ್ಸಿಯೂ ನಕ್ಕಿದ್ದಳು. ಈಗ ಅವನು ಬಲಗಣ್ಣು ಮುಚ್ಚಿ, ಇನ್ನೂ ಪೊರೆ ಇದ್ದ ಎಡಗಣ್ಣಿನಿಂದ ನೋಡಿದ. ಜೇನು. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಿದ. ಬಿಳಿ. ಯಾವಾಗಿನಿಂದ ಹೀಗೆ ಎಂದು ಕೇಳಿದ. ನಿನ್ನ ತಲೆ ಬೋಳಾದಾಗಿನಿಂದ ಎಂದು ಅವಳು ತಿರುಗದೆಯೇ ಹೇಳಿ, ಆಮೇಲೆ ಏನೋ ಹೊಳೆದು ತಿರುಗಿದಳು, ಅವನ ಮುಖ ನೋಡಿ ಬೆಣ್ಣೆಯ ಚಾಕು ಕೆಳಗಿಟ್ಟಳು. ಯಾಕೆ ಹೇಳಲಿಲ್ಲ ಎಂದದ್ದಕ್ಕೆ, ಅಷ್ಟು ಚೆನ್ನಾಗಿ ಹೊಗಳುವಾಗ ಯಾವ ಹೆಂಗಸು ಅಡ್ಡ ಬರುತ್ತಾಳೆ ಎಂದಳು. ಅವನು ನಗಬೇಕಾಗಿತ್ತು. ಆದರೆ ಬ್ರೆಡ್ಡು ಮುಟ್ಟದೆ, ಎಡಗಣ್ಣು ಮುಚ್ಚಿ ಆ ಬಿಳಿಯನ್ನೇ ಮತ್ತೆ ನೋಡಿದ.

ಯಾಕೆಂದರೆ ಹೆಡ್ಲಿ ಬಣ್ಣ ನೋಡಿ ಬದುಕಿದವನು. ಎಲಿಜಬೆತ್ ಬೀದಿಯಲ್ಲಿ, ಹೊಲಿಗೆ ಯಂತ್ರದ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ, ಮೊದಲು ಅವನ ಅಪ್ಪ, ಆಮೇಲೆ ನಲವತ್ತೈದು ವರ್ಷ ಅವನು, ಕಣ್ಣು ಕಳೆದುಕೊಂಡವರಿಗೆ ಹುಸಿಗಣ್ಣು ಮಾಡಿಕೊಟ್ಟಿದ್ದರು. ಇರುವ ಕಣ್ಣನ್ನು ನೋಡಿ ಇಲ್ಲದ ಕಣ್ಣನ್ನು ಬರೆಯುವ ಕೆಲಸ. ಅಪ್ಪ ಮೊದಲು ಹಲ್ಲುಕಟ್ಟು ಮಾಡುತ್ತಿದ್ದವನು. ಯುದ್ಧ ಬಂದು ಜರ್ಮನಿಯಿಂದ ಗಾಜಿನ ಕಣ್ಣು ಬರುವುದು ನಿಂತಾಗ, ಹಲ್ಲು ಮಾಡುವ ಅಕ್ರಿಲಿಕ್ಕಿನಲ್ಲೇ ಕಣ್ಣು ಮಾಡಲು ಹೊರಟ. ಹಳೆಯ ಗಾಜಿನ ಕಣ್ಣುಗಳ ಬೀರು ಈಗಲೂ ಗೋಡೆಗಿದೆ. ಒಂದೊಂದು ಸೆಳೆಖಾನೆಯಲ್ಲಿ ಐವತ್ತೈವತ್ತು, ಮೊಟ್ಟೆಯ ಸಿಪ್ಪೆಯಷ್ಟು ತೆಳುವಾದ ಗಾಜು, ತಿಳಿನೀಲಿಯಿಂದ ಕಡುಕಂದಿನವರೆಗೆ ಸಾಲಾಗಿ ಮೇಲೆ ನೋಡುತ್ತ ಮಲಗಿವೆ. ವಸ್ತುಸಂಗ್ರಹಾಲಯದವರು ವರ್ಷಕ್ಕೊಮ್ಮೆ ಬಿಳಿ ಕೈಗವಸು ಹಾಕಿಕೊಂಡು ಬಂದು ನೋಡಿ, ಕೊಡ್ತೀರಾ ಎಂದು ಕೇಳಿ ಹೋಗುತ್ತಾರೆ. ಯುದ್ಧದಿಂದ ಬಂದ ಸೈನಿಕರಿಗೆ ಆ ಸೆಳೆಖಾನೆಯನ್ನೇ ಮುಂದೆ ಹಿಡಿದು ಹತ್ತಿರದ ಬಣ್ಣ ಆರಿಸಿಕೊಳ್ಳಿ ಎನ್ನುತ್ತಿದ್ದ ಅಪ್ಪ. ಹತ್ತಿರದ್ದು ಯಾವುದೂ ಇಲ್ಲ ಎಂದು ಯಾರಾದರೂ ರಾಗ ಎಳೆದರೆ ಅಪ್ಪನ ಉತ್ತರ ಒಂದೇ, ಇಲ್ಲದವನು ಆರಿಸೋಕೆ ಹೋಗಬಾರದು. ಹೆಡ್ಲಿ ಹತ್ತು ವರ್ಷದವನಾಗಿದ್ದಾಗ ಇದನ್ನು ಕೇಳಿ ನಕ್ಕಿದ್ದ. ಆ ಸೈನಿಕರ ಮುಖ ಅವನಿಗೆ ನೆನಪಿಲ್ಲ, ಅವರು ಆಗ ನೆಲ ನೋಡುತ್ತಿದ್ದಿರಬೇಕು.

ಅಪ್ಪನ ಇನ್ನೊಂದು ಕಟ್ಟಳೆ ಕನ್ನಡಿಯದು. ಕಣ್ಣು ಪೂರ್ತಿ ಆಗಿ, ಕಾಯಿಸಿ, ಉಜ್ಜಿ, ಗೂಡಿನಲ್ಲಿ ಕೂರಿಸಿ, ಮಾಡಿದವನೇ ‘ಸೇರಿತು’, ಅಂದರೆ ಇರುವ ಕಣ್ಣಿಗೆ ಹೊಂದಿತು, ಎಂದು ಹೇಳುವ ತನಕ ಬಂದವರ ಕೈಗೆ ಕನ್ನಡಿ ಕೊಡುವ ಹಾಗಿಲ್ಲ. ಕೊಟ್ಟರೆ ಎಲ್ಲರೂ ಚಿತ್ರಕಾರರಾಗುತ್ತಾರೆ, ಅಲ್ಲಿ ತಿದ್ದು ಇಲ್ಲಿ ತಿದ್ದು ಎಂದು ಪ್ರಾಣ ತಿನ್ನುತ್ತಾರೆ. ಹಿಡಿಕೆಗೆ ಬೆಳ್ಳಿಯ ಬಳ್ಳಿ ಸುತ್ತಿದ ಕೈಗನ್ನಡಿ, ಹೆಡ್ಲಿಯ ಅಮ್ಮನದು, ಮೇಜಿನ ಕೊನೆಯ ಸೆಳೆಖಾನೆಯಲ್ಲಿ ಬಟ್ಟೆ ಸುತ್ತಿಕೊಂಡು ಇರುತ್ತಿತ್ತು. ಬಂದವರು ದಕ್ಷಿಣದ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತು, ಸೂರ್ಯ ಉತ್ತರಕ್ಕೇ ಇರುವ ಆ ಊರಿನಲ್ಲಿ ಬಿಸಿಲು ಬೀಳದ ಸಮಬೆಳಕಿನಲ್ಲಿ, ಒಂದು ಮೊಳ ದೂರದಲ್ಲಿ ಹೆಡ್ಲಿಯ ಕಣ್ಣನ್ನೇ ನೋಡುತ್ತಿರಬೇಕು. ಅವರು ತಮ್ಮನ್ನು ನೋಡಿಕೊಳ್ಳುವಂತಿಲ್ಲ, ಅವನು ಅವರನ್ನು ನೋಡುತ್ತಾನೆ. ಈ ಕಟ್ಟಳೆಯ ಬಗ್ಗೆ ಅವನಿಗೆ ಒಂದು ದಿನವೂ ಅನುಮಾನ ಬಂದಿರಲಿಲ್ಲ. ವೈದ್ಯರು ಇನ್ನೂ ಒಂದು ವಾರ ಮನೆಯಲ್ಲೇ ಇರು ಎಂದಿದ್ದರೂ ಡಲ್ಸಿಗೆ ಸ್ವಲ್ಪ ಅಡ್ಡಾಡಿ ಬರುತ್ತೇನೆಂದು ಸುಳ್ಳು ಹೇಳಿ, ಅವಳೇ ಕಿವಿಗೆ ಸಿಕ್ಕಿಸಿದ ಕಪ್ಪು ಕನ್ನಡಕ ಹಾಕಿಕೊಂಡು ಅವನು ಬಸ್ಸು ಹತ್ತಿದ. ಬೆಟ್ಟದ ಮೇಲೆ ಹಿಮ ಬಿದ್ದಿತ್ತು. ಅದು ಇಷ್ಟು ಬೆಳ್ಳಗಿತ್ತೇ ಎಂದು ನೋಡುವುದಕ್ಕೂ ಅವನಿಗೆ ಹೆದರಿಕೆಯಾಯಿತು.

ಮೆಟ್ಟಿಲ ಮೇಲೆ ಕಾಲಿನ ಸದ್ದು ಕೇಳಿಯೇ ರೋವೀನಾಳಿಗೆ ಗೊತ್ತಾಗಿರಬೇಕು. ಹತ್ತೊಂಬತ್ತು ವರ್ಷ ಅವನ ಜೊತೆ ಕೆಲಸ ಮಾಡಿದವಳು. ಅಚ್ಚು ತೆಗೆಯುವುದು, ಉಜ್ಜುವುದು, ಬಿಳಿಯ ಮೇಲೆ ಕೆಂಪು ರೇಷ್ಮೆಯ ಎಳೆ ಬಿಡಿಸಿ ಅಂಟಿಸಿ ನರ ಮಾಡುವುದು ಎಲ್ಲ ಅವಳ ಕೈಯದು. ಬಣ್ಣ ಮಾತ್ರ ಅವನು ಬಿಟ್ಟುಕೊಟ್ಟಿರಲಿಲ್ಲ. ಚಹಾ ಮಾಡಲಾ ಎಂದಳು. ಬೇಡ ಎಂದು ಅವನು ನೇರ ಕಿಟಕಿಯ ಪಕ್ಕದ ಸಣ್ಣ ಬೀರುವಿಗೆ ಹೋದ. ಅಲ್ಲಿ ಜೋಡಿ ಬಿಲ್ಲೆಗಳಿರುತ್ತವೆ. ಯಾರ ಕಣ್ಣು ಬರೆದರೂ ಪಾಪೆಯ ಸುತ್ತಲಿನ ಬಣ್ಣದ ಬಿಲ್ಲೆ ಎರಡು ಬರೆಯುವುದು ರೂಢಿ, ಒಂದು ಕಣ್ಣಿನೊಳಗೆ ಕೂರುತ್ತದೆ, ಅದರ ಜೋಡಿ ಹೆಸರು ತಾರೀಖು ಬರೆದ ಮಾತ್ರೆಯ ಡಬ್ಬಿಯಲ್ಲಿ ಉಳಿಯುತ್ತದೆ, ಮುಂದೆ ಒಡೆದರೆ ಕಳೆದರೆ ಬೇಕಲ್ಲ ಎಂದು. ಕೈ ತಾನಾಗಿಯೇ ಕೊನೆಯ ಸಾಲಿಗೆ ಹೋಯಿತು. ಅಲ್ಲಿ ನೂರಾರು ಡಬ್ಬಿಗಳಿದ್ದರೂ ಅವನಿಗೆ ಬೇಕಾದ ಹೆಸರು ಒಂದೇ ಆಗಿತ್ತು, ಬೆಳಿಗ್ಗೆ ಬ್ರೆಡ್ಡಿನ ಮುಂದೆ ಕೂತಾಗಿನಿಂದಲೂ ಅದೇ ಆಗಿತ್ತು, ಅದನ್ನು ತನಗೆ ತಾನು ಹೇಳಿಕೊಂಡಿರಲಿಲ್ಲ ಅಷ್ಟೆ. ಟೀಗನ್ ವಿಟ್ಟನ್. ಆರು ಡಬ್ಬಿ. ಮೊದಲನೆಯದು ಅವಳ ನಾಲ್ಕನೆಯ ವರ್ಷದ್ದು, ಕೊನೆಯದು ಮೂರು ವರ್ಷದ ಹಿಂದಿನದು.

ಎರಡು ವರ್ಷವಿದ್ದಾಗ ಕಣ್ಣೊಳಗೆ ಗಡ್ಡೆಯಾಗಿ ಬಲಗಣ್ಣು ತೆಗೆಸಿಕೊಂಡ ಮಗು. ಈ ಕಣ್ಣು ರಾತ್ರಿ ಮಲಗುತ್ತಾ ಎಂದು ಕೇಳಿತ್ತು. ಮಲಗುತ್ತೆ, ನೀನು ಮಲಗಿದರೆ ಮಾತ್ರ ಎಂದು ಅವನು ಹೇಳಿದ್ದ. ಒಂಟಿಯಾಗಿರಲ್ವಾ ಎಂದು ಮತ್ತೆ ಕೇಳಿದ್ದಕ್ಕೆ, ಕಣ್ಣಿನ ಮೇಲ್ಭಾಗದಲ್ಲಿ, ರೆಪ್ಪೆಯ ಮರೆಯಲ್ಲಿ ಯಾರಿಗೂ ಕಾಣದ ಜಾಗದಲ್ಲಿ ಒಂದು ಪೆಂಗ್ವಿನ್ ಬರೆದುಕೊಟ್ಟಿದ್ದ, ಅಕ್ಕಿಕಾಳಿನಷ್ಟು, ನೀಲಿ ಬೆನ್ನು, ಬಿಳಿ ಹೊಟ್ಟೆ, ಬ್ರೂನಿ ದ್ವೀಪದ ದಂಡೆಯಲ್ಲಿ ಸಂಜೆ ಸಾಲಾಗಿ ಮೇಲೆ ಬರುತ್ತವಲ್ಲ ಆ ಜಾತಿಯದು. ಮಕ್ಕಳಿಗೆ ಅವನು ಹೀಗೆ ಏನಾದರೂ ಅಡಗಿಸಿ ಬರೆಯುತ್ತಿದ್ದ. ದೊಡ್ಡವರಾದ ಮೇಲೆ ಅವರೇ ಬೇಡ ಎನ್ನುತ್ತಾರೆ. ಟೀಗನ್ ಅನ್ನಲಿಲ್ಲ. ಏಳಕ್ಕೆ, ಹನ್ನೊಂದಕ್ಕೆ, ಹದಿನಾರಕ್ಕೆ, ಇಪ್ಪತ್ತಮೂರಕ್ಕೆ, ಮುಖ ಬೆಳೆದಂತೆ ಹೊಸ ಕಣ್ಣು ಮಾಡಿದಾಗೆಲ್ಲ, ಮಿಸ್ಟರ್ ಪಿ, ನನ್ನ ಹಕ್ಕಿ ಮರೀಬೇಡಿ ಎನ್ನುತ್ತಿದ್ದಳು. ಮೂವತ್ತೊಂದಕ್ಕೂ ಅಂದಿದ್ದಳು. ಅವನು ಇಪ್ಪತ್ತಮೂರರ ಬಿಲ್ಲೆ, ಮೂವತ್ತೊಂದರ ಬಿಲ್ಲೆ ಎರಡನ್ನೂ ಕಿಟಕಿಯ ಕಟ್ಟೆಯ ಮೇಲೆ ಬಿಳಿ ಕಾಗದ ಹಾಸಿ ಪಕ್ಕಪಕ್ಕ ಇಟ್ಟ. ಕಪ್ಪು ಕನ್ನಡಕ ತೆಗೆದ. ಮೊದಲು ಎಡಗಣ್ಣಿನಿಂದ ನೋಡಿದ, ಧೈರ್ಯಕ್ಕೆ. ಎರಡೂ ಒಂದೇ. ಒಂದೇ ಬೂದುಹಸಿರು, ಚಳಿಗಾಲದ ಡರ್ವೆಂಟ್ ನದಿಯ ಬಣ್ಣ. ನೋಡು, ಏನೂ ಆಗಿಲ್ಲ ಎಂದು ಒಂದು ಉಸಿರು ಬಿಟ್ಟ. ಆಮೇಲೆ ಎಡಗಣ್ಣು ಮುಚ್ಚಿ ಬಲಗಣ್ಣು ತೆರೆದ.

ಒಂದು ನದಿಯ ಬಣ್ಣದ್ದೇ ಆಗಿತ್ತು. ಇನ್ನೊಂದು ಗ್ಯಾಸ್ ಒಲೆಯ ಉರಿಯ ಬಣ್ಣ, ನೀಲಿಯೂ ಅಲ್ಲ, ನೇರಳೆಯೂ ಅಲ್ಲ, ಮನುಷ್ಯರ ಮುಖದಲ್ಲಿ ಎಲ್ಲೂ ಇಲ್ಲದ ಬಣ್ಣ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಅವನಿಗೂ ಎಲ್ಲ ಹಳದಿಯಾಗುತ್ತ ಬಂದಿತ್ತು, ಇಷ್ಟಿಷ್ಟೇ, ಗೊತ್ತೇ ಆಗದ ಹಾಗೆ, ಮತ್ತು ಆ ಹಳದಿಯನ್ನು ಹೊಡೆಯಲು ಅವನ ಕೈ ಒಂದು ಚಿಟಿಕೆ ನೀಲಿ ಹಾಕಿತ್ತು, ಮತ್ತೊಂದು ಚಿಟಿಕೆ ಹಾಕಿತ್ತು, ಬಿಳಿ ಬೆಳ್ಳಗೆ ಕಾಣಲೆಂದು ಬಿಳಿಗೂ ನೀಲಿ ಹಾಕಿತ್ತು. ‘ಸೇರಿತು’ ಎಂದು ಹೇಳಿದ್ದ. ಹೆಂಗಸರಿಗೆ, ಗಂಡಸರಿಗೆ, ಹೆಗಲು ತಟ್ಟಿ ಹೇಳಿದ್ದ.

ಟೀಗನ್ ಮತ್ತೆ ಬಂದದ್ದು ಮೂರು ವರ್ಷದ ಹಿಂದೆ, ಆ ಕಣ್ಣು ಕೂರಿಸಿದ ಎರಡು ವಾರಕ್ಕೆ. ಹೊರಗಿನ ಕೋಣೆಯಲ್ಲಿ ನಾಲ್ಕು ಜನ ಕಾಯುತ್ತಿದ್ದರು. ಅವಳು ಕೈಚೀಲವನ್ನು ಎದೆಗೆ ಹಿಡಿದುಕೊಂಡು ಹತ್ತಿರ ಬಂದು ದನಿ ತಗ್ಗಿಸಿ, ಮಿಸ್ಟರ್ ಪಿ, ಬಣ್ಣದ ವಿಷಯ ಒಂದು ಮಾತಿದೆ, ಒಳಗೆ ಕೂತು ಮಾತಾಡೋಣ್ವಾ ಎಂದಿದ್ದಳು. ಬಣ್ಣ ಎಂಬ ಮಾತಿಗೇ ಅವನಿಗೆ ಚುರ್ ಎಂದಿತ್ತು. ಆ ತಿಂಗಳು ಅವಳು ಮೂರನೆಯವಳು. ಮೊದಲಿನ ಇಬ್ಬರು ಸುಮ್ಮನೆ ಬೆಳಕಿನಲ್ಲಿ ಒಂಥರಾ ಕಾಣುತ್ತೆ ಎಂದು ಗೊಣಗಿ ಹೋಗಿದ್ದರು. ಇಲ್ಲಿ ಗುಟ್ಟು ಏನೂ ಇಲ್ಲ, ಇಲ್ಲೇ ಹೇಳು ಎಂದ. ಅವಳು ಆ ನಾಲ್ವರನ್ನು ನೋಡಿ, ಒಳಗೇ ಹೋಗೋಣ ಎಂದು ಮತ್ತೆ ಕೇಳಿಕೊಂಡಳು. ಆಗ ಅವನು ಕಾಯುತ್ತಿದ್ದವರ ಕಡೆಗೆ ತಿರುಗಿ, ನಗುತ್ತ, ನಿಜವಾಗಿಯೂ ನಗುತ್ತಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದ:

“ದೇವರು ಕೊಟ್ಟ ಕಣ್ಣನ್ನೇ ಉಳಿಸಿಕೊಳ್ಳಲಿಲ್ಲ ನೀನು. ನಾನು ಕೊಟ್ಟಿದ್ರಲ್ಲಿ ಹುಳುಕು ಹುಡುಕ್ತೀಯಾ? ಮನೆಗೆ ಹೋಗಿ ಮೊದಲು ಕನ್ನಡಿ ಬದಲಾಯಿಸು.”

ಒಬ್ಬ ಮುದುಕ ನಕ್ಕ. ಉಳಿದವರು ನಗಲಿಲ್ಲ. ಒಳಗಡೆ ರೋವೀನಾಳ ಉಜ್ಜುವ ಚಕ್ರ ನಿಂತಿತು. ಟೀಗನ್‌ಳ ಕಿವಿ ಮೊದಲು ಕೆಂಪಾಯಿತು, ಆಮೇಲೆ ಕುತ್ತಿಗೆ. ಅವಳು ಕೈಚೀಲದ ಜಿಪ್ಪನ್ನು ಒಮ್ಮೆ ಎಳೆದು ಒಮ್ಮೆ ಬಿಟ್ಟು, ಮೆಟ್ಟಿಲಿಳಿದು ಹೋದಳು. ಆ ಸಂಜೆ ಅವನು ಡಲ್ಸಿಗೆ ಇದನ್ನು ತಮಾಷೆಯಾಗಿ ಹೇಳಲು ಹೋಗಿ, ಅರ್ಧಕ್ಕೆ ನಿಲ್ಲಿಸಿ, ಬೇರೆ ಮಾತು ತೆಗೆದಿದ್ದ. ಅಂದರೆ ಆವತ್ತೇ ಗೊತ್ತಿತ್ತು. ಕಾಣಲಿಲ್ಲ ಎನ್ನುವುದು ಬಣ್ಣಕ್ಕೆ ಆದೀತು, ಇದಕ್ಕೆ ಆಗುವುದಿಲ್ಲ. ನಾಲಿಗೆಗೆ ಎಲುಬಿಲ್ಲ ನಿಜ, ಅದರ ಹಿಂದೆ ಮನುಷ್ಯ ಇರುತ್ತಾನಲ್ಲ.

ರೋವೀನಾ ಬಂದು ಅವನ ಪಕ್ಕ ನಿಂತು ಎರಡು ಬಿಲ್ಲೆಗಳನ್ನು ನೋಡಿದಳು. ಆಶ್ಚರ್ಯಪಡಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು. ನಿನಗೆ ಗೊತ್ತಿತ್ತಾ ಎಂದು ಕೇಳಿದ. ಅವಳು ಕೈ ಒರೆಸಿಕೊಂಡು ಎಲ್ಲ ಹೇಳಿದಳು. ವರ್ಷಕ್ಕೊಮ್ಮೆ ಎಲ್ಲರೂ ಕಣ್ಣು ಉಜ್ಜಿಸಿಕೊಳ್ಳಲು ಬರಬೇಕಲ್ಲ. ಅವಳು ಒಬ್ಬೊಬ್ಬರಿಗೂ ಫೋನ್ ಮಾಡಿ ಹನ್ನೆರಡರಿಂದ ಒಂದರೊಳಗೆ, ಅವನು ಕೆಳಗೆ ಹೋಟೆಲಿನಲ್ಲಿ ಊಟಕ್ಕೆ ಕೂತಿರುವಾಗ, ಬರುವಂತೆ ಹೇಳುತ್ತಿದ್ದಳು. ಬಂದವರ ಕಣ್ಣಿಗೆ ಹೊಸ ಬಿಲ್ಲೆ ಬರೆದು ಇನ್ನೊಂದು ದಿನ ಅದೇ ಹೊತ್ತಿಗೆ ಕೂರಿಸಿ ಕಳಿಸುತ್ತಿದ್ದಳು. ಮೂರು ವರ್ಷದಲ್ಲಿ ಇಪ್ಪತ್ತೆರಡು ಜನ. ಅವರೆಲ್ಲ ಹಿಂದಿನ ಮೆಟ್ಟಿಲಿನಿಂದ ಇಳಿದು ಹೋಗುತ್ತಿದ್ದರು. ಕ್ರಿಸ್‌ಮಸ್‌ಗೆ ಅವರೆಲ್ಲ ಅವನಿಗೆ ಕಾರ್ಡು ಕಳಿಸಿದ್ದರು, ನಿಮ್ಮ ಕೈ ಬಂಗಾರ ಎಂದು ಒಬ್ಬಳು ಬರೆದಿದ್ದಳು. ಅವನು ಅದನ್ನು ಮನೆಯ ಅಗ್ಗಿಷ್ಟಿಕೆಯ ಮೇಲೆ ಮಾರ್ಚ್ ತನಕ ಇಟ್ಟುಕೊಂಡಿದ್ದ. ಹೆಡ್ಲಿಗೆ ಈಗ ಕಿವಿ ಬಿಸಿಯಾಯಿತು, ಅರವತ್ತೆಂಟನೆಯ ವಯಸ್ಸಿನಲ್ಲಿ ಶಾಲೆಯ ಹುಡುಗನ ಹಾಗೆ. ನನಗೆ ಹೇಳಬಹುದಿತ್ತು ಎಂದ, ಸಿಟ್ಟು ಬಂದವನಂತೆ ಹೇಳಲು ನೋಡಿದ, ಬರಲಿಲ್ಲ.

“ಆ ಹುಡುಗಿಗೆ ನೀವು ಏನಂದ್ರಿ ಅಂತ ನಾನು ಒಳಗಿದ್ದು ಕೇಳಿಸ್ಕೊಂಡಿದ್ದೆ,” ಎಂದಳು ರೋವೀನಾ. “ಆಮೇಲೆ ಯಾವ ಬಾಯಿ ಇಟ್ಕೊಂಡು ಹೇಳ್ಲಿ?”

ಅವನು ಬಿಲ್ಲೆಗಳನ್ನು ಮತ್ತೆ ಡಬ್ಬಿಗಳಿಗೆ ಹಾಕಿದ. ಟೀಗನ್‌ಗೂ ಫೋನ್ ಮಾಡಿದೆ ಎಂದು ಅವಳು ಮುಂದುವರಿಸಿದಳು. ನಾಲ್ಕು ಸಲ ಮಾಡಿದಳಂತೆ. ಎತ್ತಲಿಲ್ಲ. ಮೂರು ವರ್ಷದಿಂದ ಆ ಕಣ್ಣು ಉಜ್ಜಿಸಿಲ್ಲ, ಒಳಗೆ ಕೆರೆಯುತ್ತಿರಬೇಕು. ಮೂನಾ ಬಡಾವಣೆಯ ಬೇಕರಿಯಲ್ಲಿ ಕೆಲಸ ಮಾಡುತ್ತಾಳೆ, ಯಾವಾಗಲೂ ಕಂದು ಕನ್ನಡಕ ಹಾಕಿರುತ್ತಾಳೆ, ಒಳಗೂ ಹೊರಗೂ. ಬೇಕಾದರೆ ನಾನೇ ಇನ್ನೊಮ್ಮೆ ಕೇಳಿ ನೋಡುತ್ತೇನೆ, ನಿಮಗೆ ಪೊರೆ ಬಂದಿತ್ತು ಅಂತ ಹೇಳಿದರೆ ಅರ್ಥ ಮಾಡಿಕೊಂಡಾಳು ಎಂದಳು. ಹೆಡ್ಲಿಗೆ ಆ ಮಾತು ಹಿತವಾಗಿ ಕೇಳಿಸಿತು. ಹೌದು, ಪೊರೆ. ಹಾಗೆಂದುಬಿಡು, ಪೊರೆ ಬಂದಿತ್ತು ಎನ್ನು ಎಂದು ಕನ್ನಡಕ ಹಾಕಿಕೊಳ್ಳಲು ಹೋದ. ರೋವೀನಾ ಅವನ ಮುಖ ನೋಡುತ್ತಿದ್ದಳು.

“ಪೊರೆ ಕಣ್ಣಿಗೆ ಬಂದಿತ್ತು ಹೆಡ್ಲಿ. ನಾಲಿಗೆಗಲ್ಲ.”

ಮೂನಾಕ್ಕೆ ಹೋಗುವ ಬಸ್ಸಿನಲ್ಲಿ ಅವನು ಕಿಟಕಿಯ ಪಕ್ಕ ಕೂತ. ಜೇಬಿನಲ್ಲಿ ಎರಡು ಡಬ್ಬಿಗಳಿದ್ದವು, ಯಾಕೆ ಎತ್ತಿಕೊಂಡು ಬಂದನೋ ಅವನಿಗೇ ಗೊತ್ತಿರಲಿಲ್ಲ. ಎದುರಿನ ಸೀಟಿನ ಹೆಂಗಸಿನ ಕಣ್ಣು ತಿಳಿಕಂದು, ಅದರ ಪಾಪೆಯ ಸುತ್ತ ತಾಮ್ರದ ಉಂಗುರ. ಅಭ್ಯಾಸಬಲದಿಂದ ಅವನ ಮನಸ್ಸು ಬಣ್ಣ ಕಲಸಲು ತೊಡಗಿತು, ಕಂದು, ಒಂದಿಷ್ಟು ಹಳದಿ, ಮತ್ತೆ ತಾನೇ ಬೆದರಿ ನಿಂತಿತು. ಟೀಗನ್‌ಗೆ ಹೇಳಬೇಕಾದ ಮಾತನ್ನು ಅವನು ಮನಸ್ಸಿನಲ್ಲೇ ಹೇಳಿ ನೋಡಿದ. ಟೀಗನ್, ನನಗೆ ಪೊರೆ ಬಂದಿತ್ತು. ಅಲ್ಲ. ಟೀಗನ್, ಆವತ್ತು ನಾನು ಆಡಿದ್ದು ತಮಾಷೆಗೆ. ಅಲ್ಲ. ಅವಳ ಅಮ್ಮ ನೆನಪಾದಳು, ಮೊದಲ ದಿನ ನಾಲ್ಕು ವರ್ಷದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಗಡ್ಡೆ ಇದ್ದದ್ದು ನಮಗೆ ಬೇಗ ಗೊತ್ತಾಗಲಿಲ್ಲ, ಫೋಟೋದಲ್ಲಿ ಒಂದು ಕಣ್ಣು ಬೆಳ್ಳಗೆ ಹೊಳೆಯುತ್ತಿತ್ತು, ಚಂದ ಕಾಣುತ್ತೆ ಅಂದುಕೊಂಡಿದ್ದೆವು ಎಂದು ಅತ್ತಿದ್ದಳು. ನಿಮ್ಮ ತಪ್ಪಲ್ಲ, ಕಾಣದೇ ಇದ್ದದ್ದಕ್ಕೆ ಯಾರನ್ನೂ ಬೈಯಲಾಗದು ಎಂದು ಅವನೇ ಅವಳಿಗೆ ಕರವಸ್ತ್ರ ಕೊಟ್ಟಿದ್ದ. ಆ ಅಮ್ಮ ಸತ್ತು ಐದು ವರ್ಷವಾಯಿತು. ದೇವರು ಕೊಟ್ಟ ಕಣ್ಣನ್ನೇ ಉಳಿಸಿಕೊಳ್ಳಲಿಲ್ಲ ನೀನು. ಆ ಮಾತು ಮಗಳಿಗೆ ಮಾತ್ರ ತಾಗಿದ್ದಲ್ಲ ಎಂದು ಅವನಿಗೆ ನ್ಯೂ ಟೌನ್ ನಿಲ್ದಾಣದ ಹತ್ತಿರ ಹೊಳೆಯಿತು. ಆಡಿದ ಮಾತು, ಒಡೆದ ಮುತ್ತು. ಇಳಿದು ವಾಪಸು ಹೋಗುವ ಬಸ್ಸು ಹಿಡಿಯೋಣವೆಂದು ಎದ್ದೂ ನಿಂತ. ತಾಮ್ರದ ಉಂಗುರದ ಹೆಂಗಸು, ನಿಮ್ಮ ನಿಲ್ದಾಣ ಬಂತಾ ತಾತಾ ಎಂದು ಕಾಲು ಮಡಿಸಿ ದಾರಿ ಬಿಟ್ಟಳು. ಅವನು ಇಲ್ಲ ಎಂದು ಮತ್ತೆ ಕೂತ.

ಬೇಕರಿಯಲ್ಲಿ ಮಧ್ಯಾಹ್ನದ ಸಾಲು ಬಾಗಿಲಿನ ತನಕ ಇತ್ತು. ಸ್ಕಾಲಪ್ ಎಂಬ ಚಿಪ್ಪುಮೀನಿನ ಕಡುಬಿನ ಮಸಾಲೆ ವಾಸನೆ, ಬೆಚ್ಚನೆಯ ಹಬೆ. ಅವಳು ಗಲ್ಲೆಯ ಹಿಂದಿದ್ದಳು, ತಲೆಗೆ ಬಿಳಿ ಬಟ್ಟೆ, ಕಂದು ಕನ್ನಡಕ. ಬಲಗಡೆಯಿಂದ ಯಾರಾದರೂ ಏನಾದರೂ ಕೇಳಿದರೆ ಇಡೀ ಕುತ್ತಿಗೆ ತಿರುಗಿಸಿ ನೋಡುತ್ತಿದ್ದಳು, ನಾಲ್ಕು ವರ್ಷದವಳಿದ್ದಾಗ ಅವನೇ ಕಲಿಸಿಕೊಟ್ಟಿದ್ದ ಹಾಗೆ. ಹೆಡ್ಲಿ ಸಾಲಿನ ಕೊನೆಗೆ ನಿಂತ. ಅವನಿಗೆ ಒಂದು ಮಾತು ಮಾತ್ರ ಖಚಿತವಾಗಿತ್ತು, ನಾಲ್ಕು ಜನರ ಮುಂದೆ ಆಡಿದ್ದನ್ನು ನಾಲ್ಕು ಜನರ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಮುಂದೆ ಆರು ಜನ, ಐದು ಜನ. ಸರದಿ ಬಂದಾಗ ಅವಳು, ಏನು ಕೊಡಲಿ, ಕಣ್ಣಿಗೆ ಆಪರೇಷನ್ನಾ ಪಾಪ, ಗಾಳಿಯಲ್ಲಿ ಯಾಕೆ ಬಂದ್ರಿ ಎಂದಳು. ದೊಡ್ಡ ಕಪ್ಪು ಕನ್ನಡಕದ ಮರೆಯಲ್ಲಿ ಅವಳಿಗೆ ಗುರುತು ಸಿಕ್ಕಿರಲಿಲ್ಲ. ಆ ದಯೆ ಯಾವನೋ ಗುರುತಿಲ್ಲದ ಮುದುಕನಿಗೆ ಸೇರಿದ್ದು, ತಾನು ಅದನ್ನು ಕದಿಯುತ್ತಿದ್ದೇನೆ ಎನ್ನಿಸಿತು. ಒಂದು ಕಡುಬು ಎಂದ. ಸಾಸ್ ಬೇಕಾ ಎಂದಳು. ಬೇಡ ಎಂದ. ಕಾಗದದ ಚೀಲ ಕೈಗೆ ಬಂತು, ಕಾಲು ಹೊರಗೆ ನಡೆಯಿತು, ಬೀದಿಯ ಬೆಂಚಿನ ಮೇಲೆ ಕೂತು ಅವನು ಆ ಕಡುಬನ್ನು ನಾಲಿಗೆ ಸುಟ್ಟುಕೊಳ್ಳುತ್ತ ಪೂರ್ತಿ ತಿಂದ. ಹಸಿವಾಗಿರಲಿಲ್ಲ. ಹೇಡಿ ಎಂದುಕೊಂಡ. ಅಂದುಕೊಂಡದ್ದರಿಂದ ಏನೂ ಹಗುರವಾಗಲಿಲ್ಲ.

ಎರಡನೆಯ ಸಲ ಸಾಲಿನಲ್ಲಿ ಮೂರೇ ಜನರಿದ್ದರು. ಅವನ ಹಿಂದೆ ಒಬ್ಬ ಕಟ್ಟಡದ ಕೆಲಸದವ ಬಂದು ನಿಂತ. ಹೆಡ್ಲಿ ಗಲ್ಲೆಯ ಮುಂದೆ ನಿಂತು ಕನ್ನಡಕ ತೆಗೆದ. ಅಂಗಡಿಯ ಬೆಳಕು ಬಲಗಣ್ಣಿಗೆ ಹೊಡೆದು ನೀರು ಬಂತು. ಟೀಗನ್‌ಳ ಕೈ ಚಿಮಟದ ಮೇಲೆ ನಿಂತಿತು.

“ನಾನು ಹೆಡ್ಲಿ ಪೈಬಸ್,” ಎಂದ ಅವನು, ಬೇಕಾದ್ದಕ್ಕಿಂತ ಗಟ್ಟಿಯಾಗಿ. “ಮೂರು ವರ್ಷದ ಹಿಂದೆ ನಿನಗೆ ಎಲ್ಲರ ಮುಂದೆ—”

ಹಿಂದಿದ್ದವನು ಇಣುಕಿದ. ಟೀಗನ್ ಅವನನ್ನು ನೋಡಿದಳು, ಸಾಲನ್ನು ನೋಡಿದಳು, ಮತ್ತೆ ಅವನನ್ನು ನೋಡಿದಳು. ಕಿವಿ ಕೆಂಪಾಗಿತ್ತು. ಆಮೇಲೆ ಗಲ್ಲೆಯ ಹಲಗೆ ಎತ್ತಿ, ಅವತ್ತು ಅವಳು ಕೇಳಿಕೊಂಡದ್ದೇ ತಗ್ಗಿದ ದನಿಯಲ್ಲಿ ಹೇಳಿದಳು: “ಒಳಗೆ ಬನ್ನಿ ಮಿಸ್ಟರ್ ಪಿ. ಒಳಗೆ ಕೂತು ಮಾತಾಡೋಣ.”

ಒಳಗೆ ಹಿಟ್ಟಿನ ಮೂಟೆಗಳ ನಡುವೆ ಒಂದು ಸ್ಟೂಲು ಇತ್ತು. ಅದರ ಮೇಲೆ ಅವನನ್ನು ಕೂರಿಸಿ ಅವಳು ಮೂಟೆಗೆ ಒರಗಿ ನಿಂತಳು. ಅವನು ಬಸ್ಸಿನಲ್ಲಿ ಹೇಳಿ ನೋಡಿದ ಯಾವ ಮಾತೂ ಬರಲಿಲ್ಲ. ತಪ್ಪಾಯಿತು ಎಂದ. ಬಣ್ಣದ್ದೂ ತಪ್ಪು, ಮಾತಿನದ್ದು ಅದಕ್ಕಿಂತ ದೊಡ್ಡ ತಪ್ಪು, ನಿನ್ನ ಅಮ್ಮನ ಹತ್ತಿರವೂ ಕ್ಷಮೆ ಕೇಳಬೇಕಾಗಿತ್ತು ಎಂದ. ಅಮ್ಮನ ಮಾತು ಬಂದದ್ದೇ ಅವಳು ಕನ್ನಡಕ ತೆಗೆದಳು. ಬಲಗಣ್ಣಿನ ಜಾಗದಲ್ಲಿ ಗ್ಯಾಸ್ ಒಲೆಯ ಉರಿ, ಸುತ್ತಲಿನ ರೆಪ್ಪೆ ಕೆಂಪಾಗಿ ಊದಿತ್ತು. ಎಡಗಣ್ಣು ನದಿ. ಅವನು ಬಲಗಣ್ಣು ಮುಚ್ಚಿಕೊಳ್ಳಲು ಹೋದ, ಅವಳಿಗೆ ಅದು ತಿಳಿಯಿತೇನೋ, ನೋಡಿ ಎಂದಳು. ಅವನು ನೋಡಿದ. ನನಗೆ ಪೊರೆ ಬಂದಿತ್ತು ಎಂಬ ಮಾತು ಕೊನೆಗೂ ಬಾಯಿಂದ ಬಿತ್ತು, ಹೇಳಬಾರದೆಂದುಕೊಂಡದ್ದೇ.

“ಗೊತ್ತು,” ಎಂದಳು ಟೀಗನ್. “ಅವತ್ತೇ ಗೊತ್ತಿತ್ತು ನಂಗೆ. ಕಣ್ಣು ತೊಳೆಯೋಕೆ ತೆಗೆದಾಗ ಹಕ್ಕಿ ನೋಡ್ದೆ. ಹೊಟ್ಟೆ ನೇರಳೆ ಬಣ್ಣ. ಇಪ್ಪತ್ತೇಳು ವರ್ಷ ಬಿಳಿ ಹೊಟ್ಟೆ ಬರೆದೋರು ನೇರಳೆ ಬರೀತಾರಾ? ನಾನು ದೂರು ಹೇಳೋಕೆ ಬಂದಿರ್ಲಿಲ್ಲ. ನಿಮ್ಮ ಕಣ್ಣು ತೋರಿಸ್ಕೊಳ್ಳಿ ಅಂತ ಹೇಳೋಕೆ ಬಂದಿದ್ದೆ. ಅವರೆಲ್ಲರ ಮುಂದೆ ಹೇಳಿದ್ರೆ ನಿಮಗೆ ಅವಮಾನ ಆಗುತ್ತೆ ಅಂತ ಒಳಗೆ ಕರೆದೆ.”

ಹೊರಗೆ ಯಾರೋ ಗಂಟೆ ಒತ್ತಿದರು. ಅವಳು ಹೋಗಲಿಲ್ಲ. ಹೆಡ್ಲಿ ಕೈಗಳನ್ನು ತೊಡೆಗಳ ನಡುವೆ ಇಟ್ಟುಕೊಂಡು ಕೂತಿದ್ದ. ಭೂಮಿ ಬಾಯಿಬಿಡಬಾರದೇ ಎನ್ನುವುದನ್ನು ಅವನು ಎಷ್ಟೋ ಜನರ ಬಾಯಲ್ಲಿ ಕೇಳಿದ್ದ. ಅದು ಬಾಯಿಬಿಡುವುದಿಲ್ಲ. ಹಿಟ್ಟಿನ ಮೂಟೆಯ ಹೊಲಿಗೆಯ ಮೇಲೆ ಅವನ ಕಣ್ಣಿತ್ತು, ಆ ದಾರ ಕೂಡ ಎಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು.

“ಬಸ್ಸಲ್ಲಿ ಅಳ್ತಾ ಬಂದೆ,” ಎಂದಳು ಅವಳು, ಈಗ ದನಿ ಗಡುಸಾಗಿತ್ತು. “ಆಮೇಲೆ ಸಿಟ್ಟು ಬಂತು. ರೋವೀನಾ ಫೋನ್ ಮಾಡಿದಾಗೆಲ್ಲ ಎತ್ತಿ ಹೇಳಬಹುದಿತ್ತು, ಅವರ ಕಣ್ಣು ಹೋಗ್ತಾ ಇದೆ, ಕರ್ಕೊಂಡು ಹೋಗಿ ತೋರಿಸಿ ಅಂತ. ಎತ್ತಲಿಲ್ಲ. ಕುರುಡಾಗ್ಲಿ ಮುದುಕ ಅಂದ್ಕೊಂಡೆ. ನಿಜವಾಗ್ಲೂ ಅಂದ್ಕೊಂಡೆ. ನಾಚಿಕೆ ನಿಮಗೊಬ್ಬರಿಗೇ ಅಲ್ಲ.”

ಅವನು ತಲೆ ಅಲ್ಲಾಡಿಸಿದ. ಅವಳ ನಾಚಿಕೆಯನ್ನೂ ತಾನೇ ಹೊತ್ತುಕೊಳ್ಳಬೇಕೆಂಬ ಹಟ ಬಂತು, ಅದನ್ನೂ ಅವಳು ಬಿಟ್ಟುಕೊಡಲಿಲ್ಲ. ಹೊಸ ಕಣ್ಣು ಮಾಡಿಕೊಡುತ್ತೇನೆ, ಬರುತ್ತೀಯಾ ಎಂದು ಕೇಳಿದ. ನೀವಲ್ಲ, ರೋವೀನಾ ಬರೆಯಲಿ ಎಂದಳು. ಆಗಲಿ ಎಂದ. ಸೋಮವಾರ ಅಂಗಡಿಗೆ ರಜೆ ಎಂದಳು. ಸೋಮವಾರ ಎಂದ. ಅವಳು ಕನ್ನಡಕ ಹಾಕಿಕೊಂಡು ಬಾಗಿಲ ತನಕ ಹೋದವಳು ನಿಂತು, ಮತ್ತೆ ಒಂದು ವಿಷಯ ಎಂದಳು.

“ಕನ್ನಡಿ ಮೊದಲಿನಿಂದ ನನ್ನ ಮುಂದೆ ಇರ್ಬೇಕು.”

ಸೋಮವಾರ ಅವಳು ದಕ್ಷಿಣದ ಕಿಟಕಿಯ ಕುರ್ಚಿಯಲ್ಲಿ ಕೂತಳು. ಹಳೆಯ ಕಣ್ಣನ್ನು ತೆಗೆದು, ತೊಳೆದು, ರೋವೀನಾಳಿಗೆ ಕೊಡದೆ ಹೆಡ್ಲಿಯ ಅಂಗೈಯಲ್ಲಿ ಇಟ್ಟಳು. ಅದು ಇನ್ನೂ ಬೆಚ್ಚಗಿತ್ತು. ಅವನು ಅದನ್ನು ತಿರುಗಿಸಿದ. ಮೇಲಂಚಿನಲ್ಲಿ ಅಕ್ಕಿಕಾಳಿನಷ್ಟು ಪೆಂಗ್ವಿನ್, ಬೆನ್ನೂ ಹೊಟ್ಟೆಯೂ ನೇರಳೆ, ರೆಕ್ಕೆ ಮಾತ್ರ ಕೈಯ ಹಳೆಯ ಅಭ್ಯಾಸದಿಂದ ಸರಿಯಾಗಿ ಬಂದಿತ್ತು. ರೋವೀನಾ ಬಣ್ಣದ ಪುಡಿಗಳನ್ನು ಸಾಲಾಗಿ ಇಟ್ಟುಕೊಂಡು ಕುಂಚ ತೆಗೆದಳು. ನಲವತ್ತೈದು ವರ್ಷ ಅವನು ಕೂತ ಸ್ಟೂಲಿನಲ್ಲಿ ಅವಳು ಕೂತಿದ್ದಳು. ಇಬ್ಬರೂ ಅವನ ಕಡೆ ನೋಡಿದರು. ಅವನು ಬಗ್ಗಿ ಕೊನೆಯ ಸೆಳೆಖಾನೆ ಎಳೆದು, ಬಟ್ಟೆ ಬಿಚ್ಚಿ, ಅಮ್ಮನ ಕೈಗನ್ನಡಿ ಹೊರತೆಗೆದು, ಅಂಗಿಯ ತೋಳಿನಿಂದ ಒರೆಸಿ, ಟೀಗನ್‌ಳ ಮುಖದ ಮುಂದೆ ಹಿಡಿದ. ಕನ್ನಡಿ ಇಡಲು ಅಲ್ಲಿ ಯಾವ ಗೂಟವೂ ಇರಲಿಲ್ಲ, ಈ ಕೋಣೆಯಲ್ಲಿ ಯಾರಿಗೂ ಅದು ಬೇಕಾಗಿರಲಿಲ್ಲ. ಹತ್ತು ನಿಮಿಷಕ್ಕೆ ಮೊಣಕೈ ನೋಯತೊಡಗಿತು, ಅರ್ಧ ಗಂಟೆಗೆ ಭುಜ. ನಡುವೆ ಒಮ್ಮೆ ಕೈ ಜಾರಿ ಕನ್ನಡಿ ಓರೆಯಾಯಿತು. ನೇರ ಹಿಡೀರಿ ಎಂದಳು ಟೀಗನ್. ಅವನು ಎರಡೂ ಕೈಯಲ್ಲಿ ಹಿಡಿದ. ಕನ್ನಡಿಯ ಹಿಂದೆ ನಿಂತವನಿಗೆ ಅವಳ ಮುಖ ಕಾಣುತ್ತಿರಲಿಲ್ಲ, ಬೆಳ್ಳಿಯ ಬಳ್ಳಿ ಮಾತ್ರ ಕಾಣುತ್ತಿತ್ತು. ರೋವೀನಾ ಬಿಲ್ಲೆಯನ್ನು ಚಿಮಟದಲ್ಲಿ ಎತ್ತಿ ಅವಳ ಎಡಗಣ್ಣಿನ ಪಕ್ಕಕ್ಕೆ ಹಿಡಿದಳು. ಹೆಡ್ಲಿಯ ಬಾಯಲ್ಲಿ ‘ಸೇರಿತು’ ಎಂಬ ಆ ಹಳೆಯ ಮಾತು ತಾನಾಗಿಯೇ ಎದ್ದು ಬಂತು, ಅವನು ಅದನ್ನು ಹಲ್ಲಿನ ಹಿಂದೆ ಹಿಡಿದು ನಿಲ್ಲಿಸಿದ. ಟೀಗನ್ ಕನ್ನಡಿಯಲ್ಲಿ ತುಂಬ ಹೊತ್ತು ನೋಡಿಕೊಂಡಳು.

“ಇನ್ನೂ ಇಲ್ಲ,” ಎಂದಳು.

ರೋವೀನಾ ಕುಂಚ ಅದ್ದಿಕೊಂಡಳು. ಹೆಡ್ಲಿ ಕನ್ನಡಿಯನ್ನು ಸ್ವಲ್ಪ ಮೇಲೆತ್ತಿ ಹಿಡಿದ.